ಒಳಗೆ ಒಣಗುವ ತನಕ

ವರ್ಲೀನ್ ಪ್ರೂಯಿಟ್ ಕಣ್ಣನ್ನು ನಂಬುವವಳಲ್ಲ, ಬೆರಳನ್ನು ನಂಬುವವಳು. ಅಮೆರಿಕದ ಬಫಲೋ ನಗರದ ಪೂರ್ವಭಾಗದಲ್ಲಿ, ಹಿಂದೆ ಚಪ್ಪಲಿ ಅಂಗಡಿಯಿದ್ದ ಒಂದು ಕೋಣೆಯಲ್ಲಿ ಮೂವತ್ತನಾಲ್ಕು ವರ್ಷಗಳಿಂದ ನಮ್ಮ ಕಪ್ಪು ಜನರ ಜಟೆಗಳನ್ನು ತೊಳೆದು, ತಿರುಚಿ, ಕಟ್ಟಿಕೊಡುತ್ತಿರುವ ಈ ಹೆಂಗಸು, ಚಳಿಗಾಲ ಬಂತೆಂದರೆ ಹೊರಡಲು ಎದ್ದ ಪ್ರತಿಯೊಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿ, ಕತ್ತಿನ ಹಿಂದಿನ ದಪ್ಪ ಜಟೆಯೊಂದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಬುಡದಿಂದ ತುದಿಯವರೆಗೆ ಒತ್ತುತ್ತಾ ಹೋಗುತ್ತಾಳೆ. ಜಟೆ ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದಿಟ್ಟಿರುತ್ತದೆ. ಸರೋವರದ ಕಡೆಯಿಂದ ಬೀಸುವ ಜನವರಿಯ ಗಾಳಿಗೆ ಆ ನೀರು ಹೆಪ್ಪುಗಟ್ಟಿದರೆ ಹತ್ತು ವರ್ಷ ಬೆಳೆದದ್ದು ಒಣಕಡ್ಡಿಯಂತೆ ಮುರಿಯುತ್ತದೆ. ಬೆಚ್ಚಗೆ ಮುಚ್ಚಿಟ್ಟರೆ ಒಳಗೊಳಗೇ ಬೂಷ್ಟು ಹಿಡಿಯುತ್ತದೆ. ಬೆರಳಿಗೆ ತೇವ ತಾಗಿತೋ, ನೀವು ಯಾರೇ ಆಗಿರಿ, ಮತ್ತೆ ಕುರ್ಚಿಗೆ ಹೋಗಬೇಕು.

ಜೀವಮಾನವೆಲ್ಲ ಕುರ್ಚಿಯ ಬಲಕ್ಕೆ ನಿಂತು ಬಗ್ಗಿದ್ದರಿಂದ ಅವಳು ಎಡಭುಜವನ್ನು ಮುಂದಿಟ್ಟು, ಜನಜಂಗುಳಿಯನ್ನು ಸೀಳಿಕೊಂಡು ಹೊರಟವಳಂತೆ ನಡೆಯುತ್ತಾಳೆ, ಎದುರಿಗೆ ಯಾರೂ ಇಲ್ಲದಿದ್ದರೂ. ತಲೆ ಒಣಗಿಸುವ ಯಂತ್ರಗಳ ಸದ್ದಿನಲ್ಲಿ ಮಾತಾಡಿ ಮಾತಾಡಿ ಪ್ರತಿ ವಾಕ್ಯದ ಕೊನೆಗೂ “ಕೇಳಿಸ್ತಾ?” ಎಂದು ಸೇರಿಸುವ ಚಾಳಿ ಅಂಟಿಕೊಂಡಿದೆ, ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿದ ಮೇಲೂ ಅವಳು ಹಾಗೆ ಕೇಳಿದ್ದನ್ನು ಪಕ್ಕದಲ್ಲಿದ್ದ ನಾನೇ ಕೇಳಿದ್ದೇನೆ. ಸತ್ತ ಗಂಡನ ಕಂದು ಉಣ್ಣೆಯ ಕೋಟು ಅವಳ ಚಳಿಗಾಲದ ಸರ್ವಸ್ವ. ಅದರ ಕಾಲರಿನ ಒಳಗೆ ನೇರಳೆ ಬಣ್ಣದ ಸ್ಯಾಟಿನ್ ಹೊಲಿದಿದ್ದಳು, ಉಣ್ಣೆ ತಿಕ್ಕಿ ತಿಕ್ಕಿ ಕತ್ತಿನ ಕೂದಲು ಸವೆಯಬಾರದೆಂದು. ಆ ಸ್ಯಾಟಿನ್ ಚರ್ಚಿನ ಹಾಡುಗಾರರು ತೊಟ್ಟು ಬಿಟ್ಟ ನಿಲುವಂಗಿಗಳದು. ನಮ್ಮ ಬೀದಿಯ ಅರ್ಧ ಜನರ ಟೋಪಿಗಳ ಒಳಮೈಯೂ ಅದೇ ನೇರಳೆ.

ಹಿಮ ಮೆತ್ತಿದ ಬೂಟುಗಳನ್ನು ಬಾಗಿಲಲ್ಲೇ ಕಳಚಿ ಒಳಗೆ ಬರಬೇಕೆಂಬುದು ಅಂಗಡಿಯ ಪದ್ಧತಿ, ಅದೇ ಅವಳ ಆಯುಧವೂ ಆಗಿತ್ತು. ಲೆಮಾರ್ ಎಂಬ ಬಸ್ ಚಾಲಕ ಒಮ್ಮೆ, ಮೂರು ಗಂಟೆಗೆ ಕೆಲಸಕ್ಕೆ ಹಾಜರಾಗಬೇಕು, ತಲೆ ಒಣಗಿದೆ ಎಂದು ಎದ್ದು ನೋಡಿದರೆ ಬೂಟುಗಳೇ ನಾಪತ್ತೆ. ಕಾಲುಚೀಲದಲ್ಲಿ ಕುಣಿದು, ಬೈದು, ಕೊನೆಗೆ ಅಂಗಲಾಚಿದ. “ಕೆಲ್ಸ ಹೋದ್ರೆ ಇನ್ನೊಂದು ಸಿಗತ್ತಪ್ಪಾ, ಈ ಕೂದ್ಲು ನಿಮ್ಮಪ್ಪ ತಂದ್ಕೊಡ್ತಾನಾ? ಕೇಳಿಸ್ತಾ?” ಎಂದು ಅವಳು ಅವನನ್ನು ಮತ್ತೆ ಯಂತ್ರದ ಕೆಳಗೆ ಕೂರಿಸಿದಳು. ಆ ದಿನಗಳಲ್ಲಿ ಅವಳು ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಅವಳ ಅಕ್ಕ ಆರ್ಡೆಲ್. ವರ್ಲೀನ್ ಮೊಟ್ಟಮೊದಲು ಜಟೆ ಕಟ್ಟಿದ್ದು ಆ ತಲೆಗೆ. ಪಾರ್ಶ್ವವಾಯು ಬಡಿದು ಆರ್ಡೆಲ್‌ಳ ಮಾತು ನಿಂತು, ಅವಳನ್ನು ಶುಶ್ರೂಷಾಗೃಹವೊಂದಕ್ಕೆ ಸೇರಿಸುವ ಹೊತ್ತಿಗೆ ಜಟೆಗಳು ಸೊಂಟ ದಾಟಿದ್ದವು. ಸ್ವಾಧೀನದಲ್ಲಿ ಉಳಿದಿದ್ದ ಎಡಗೈ ಸದಾ ಕಿವಿಯ ಪಕ್ಕದ, ತಾಮ್ರದ ಉಂಗುರ ತೊಡಿಸಿದ ಜಟೆಯೊಂದನ್ನು ಹುಡುಕಿ ಹಿಡಿದುಕೊಳ್ಳುತ್ತಿತ್ತು. ಹಿಡಿದಾಗ ಮುಖ ಶಾಂತವಾಗುತ್ತಿತ್ತು. ಮಕ್ಕಳ ಗುರುತೂ ಹತ್ತದವಳಿಗೆ ತಾನು ಯಾರೆಂಬುದು ಆ ಉಂಗುರದಲ್ಲಿ ಮಾತ್ರ ಉಳಿದಿತ್ತು.

ಜಟೆಯ ಬಗ್ಗೆ ಏನೂ ತಿಳಿಯದ ಅಲ್ಲಿಯವರು ಯಾವುದೋ ಮಂದವಾದ ಕ್ರೀಮು ಮೆತ್ತಿ, ಆಮೇಲೆ ತಲೆ ನಾರುತ್ತದೆಂದು ದೂರಿದರು. ಒಂದು ಶುಕ್ರವಾರ ಮೇಲ್ವಿಚಾರಕಿ ವರ್ಲೀನಳಿಗೆ ಫೋನು ಮಾಡಿ, ಸೋಮವಾರದೊಳಗೆ ಶುಚಿಯಾಗದಿದ್ದರೆ ಕತ್ತರಿಸಿಬಿಡುತ್ತೇವೆ ಎಂದಳು. ಶನಿವಾರ ಸಂದರ್ಶಕರಿಗೆ ಪ್ರವೇಶವಿಲ್ಲ; ಭಾನುವಾರ ಚರ್ಚು ಮುಗಿಸಿ ಅವಳನ್ನು ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ಚಳಿಗಾಲದಲ್ಲಿ ಬೆಳಿಗ್ಗೆ ಹತ್ತು ದಾಟಿದ ಮೇಲೆ ಯಾರ ತಲೆಗೂ ನೀರು ಹಾಕದವಳು ಅಂದು ಮಧ್ಯಾಹ್ನ ಎರಡಕ್ಕೆ ಹಾಕಿದಳು. ಕ್ರೀಮೆಲ್ಲ ಹೋಗಬೇಕಾದರೆ ನಾಲ್ಕಾಯಿತು. ಅಷ್ಟರಲ್ಲಿ ಬಿರುಗಾಳಿಯ ಮುನ್ಸೂಚನೆ ಬಂದು, ಐದಕ್ಕೆ ರಸ್ತೆಗಳನ್ನು ಮುಚ್ಚುತ್ತಾರೆಂದು ರೇಡಿಯೋ ಬಡಬಡಿಸತೊಡಗಿತ್ತು. ಅಂಗಳದಲ್ಲಿ ಕಾರಿನಲ್ಲಿ ಕುಳಿತು ನಾನು ಹಾರ್ನ್ ಹೊಡೆದೆ. ಒಮ್ಮೆಯಲ್ಲ, ಮೂರು ಸಲ.

ವರ್ಲೀನ್ ಅಕ್ಕನ ತಲೆಗೆ ಟವಲು ಸುತ್ತಿ, ಅಲ್ಲಿದ್ದ ಸಹಾಯಕಿಯ ಕೈ ಹಿಡಿದು, ಎರಡು ಗಂಟೆ ಬಿಸಿಗಾಳಿ ಹಿಡಿಯಬೇಕೆಂದು ಹೇಳಿ ಓಡಿಬಂದಳು. ಸಹಾಯಕಿ ಆಗಲೆಂದಳು. ಅವಳ ಪಾಳಿ ಮುಗಿಯಲು ಹತ್ತು ನಿಮಿಷವಿತ್ತೆಂಬುದು ನಮಗೆ ಗೊತ್ತಾದದ್ದು ಆಮೇಲೆ. ಮೂರು ದಿನ ಊರು ಹಿಮದಡಿ ಹೂತುಹೋಯಿತು. ಮುಂದಿನ ಪಾಳಿಯಲ್ಲಿ ಬಂದ ಪುಣ್ಯಾತ್ಗಿತ್ತಿಯೊಬ್ಬಳು ಮುದುಕಿಗೆ ಚಳಿಯಾದೀತೆಂದು ಕನಿಕರಪಟ್ಟು, ಆ ಒದ್ದೆಯ ಮೇಲೆ ಉಣ್ಣೆಯ ಟೋಪಿ ಎಳೆದಿದ್ದಳು.

ಗುರುವಾರ ನಾವು ಹೋದಾಗ ಆರ್ಡೆಲ್ ಕಿಟಕಿಯ ಬಳಿ ಬೋಳುತಲೆಯಲ್ಲಿ ಕುಳಿತಿದ್ದಳು. ಎಡಗೈ ಕಿವಿಯ ಬಳಿಗೆ ಏರುತ್ತಿತ್ತು, ಗಾಳಿಯಲ್ಲಿ ತಡಕಾಡುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಬೂಷ್ಟು ಹಿಡಿದಿತ್ತು, ಬೇರೆ ದಾರಿಯಿರಲಿಲ್ಲ ಎಂದರು. ಕತ್ತರಿಸಿದ್ದು ಎಲ್ಲಿ ಎಂದು ವರ್ಲೀನ್ ಕೇಳಿದಳು. ಕಸದ ಜೊತೆ ಹೋಯಿತಂತೆ, ಉಂಗುರವೂ. ಅವಳು ತನ್ನ ಕೋಟಿನ ಕಾಲರಿನಿಂದ ನೇರಳೆ ಸ್ಯಾಟಿನ್ನನ್ನು ಹಲ್ಲಿನಿಂದಲೇ ಹರಿದು ತೆಗೆದು ಅಕ್ಕನ ತಲೆಗೆ ಕಟ್ಟಿದಳು. ಆ ಕೈ ಸ್ಯಾಟಿನ್ನನ್ನು ಮುಟ್ಟಿ ನೋಡಿ, ಇದಲ್ಲ ಎಂಬಂತೆ ಕೆಳಗಿಳಿಯಿತು. ಏಪ್ರಿಲಿನಲ್ಲಿ ಆರ್ಡೆಲ್ ತೀರಿಕೊಂಡಳು. ಕೊನೆಯ ದಿನದವರೆಗೂ ಕೈ ಏರುತ್ತಲೇ ಇತ್ತು.

ಆಮೇಲಿನ ವರ್ಲೀನಳನ್ನು ಸಹಿಸಿಕೊಳ್ಳುವುದು ಸುಲಭವಲ್ಲ. ಬೆರಳಿಗೆ ತೇವ ತಾಗಿದರೆ ಮೊದಲು ಇನ್ನರ್ಧ ಗಂಟೆ ಕೂರಿಸುತ್ತಿದ್ದವಳು ಈಗ ಇನ್ನೆರಡು ಗಂಟೆ ಕೂರಿಸುತ್ತಾಳೆ, ತಮಾಷೆಯೂ ಇಲ್ಲ. ತೊಂಬತ್ತು ನಿಮಿಷದಲ್ಲಿ ತೊಳೆದು ಕಳಿಸುವ ಹೊಸ ಅಂಗಡಿ ದೊಡ್ಡ ರಸ್ತೆಯಲ್ಲಿ ತೆರೆದಿದೆ. ಅವಳದು ತಲೆ ಕೆಟ್ಟ ಹಟವೆಂದು ಹೇಳಿಕೊಂಡು ಲೆಮಾರ್ ಕೂಡ ಅಲ್ಲಿಗೇ ಹೋಗುತ್ತಾನೆ. ಅಕ್ಕನ ವಿಷಯ ಅವನಿಗೆ ಗೊತ್ತಿಲ್ಲ. ಅವಳು ಯಾರಿಗೂ ಹೇಳಿಲ್ಲ, ನಾನೂ ಹೇಳಿಲ್ಲ. ಹೇಳಿದರೆ ಹಾರ್ನಿನ ಕತೆಯನ್ನೂ ಹೇಳಬೇಕಾಗುತ್ತದೆ.

ಕಳೆದ ಡಿಸೆಂಬರಿನಲ್ಲಿ ಅವಳ ಕುರ್ಚಿಯಲ್ಲಿ ಕುಳಿತಿದ್ದೆ. ಹೊರಗೆ ಹಿಮ ಶುರುವಾಗಿತ್ತು, ಮನೆಯಲ್ಲಿ ನೆಂಟರಿದ್ದರು. ಒಣಗಿದೆ, ಹೊರಡುತ್ತೇನೆ ಎಂದೆ. ಅವಳು ಬಂದು ನನ್ನ ಕತ್ತಿನ ಜಟೆಯನ್ನು ಹಿಡಿದು ಕಣ್ಣು ಮುಚ್ಚಿದಳು. ಬಹಳ ಹೊತ್ತು ಹಿಡಿದೇ ಇದ್ದಳು.

“ಅವತ್ತು ನಾನು ಹಾರ್ನ್ ಹೊಡೀಬಾರ್ದಿತ್ತು ಕಣೇ,” ಎಂದುಬಿಟ್ಟೆ, ಹನ್ನೊಂದು ವರ್ಷದ ಮೇಲೆ.

“ಹೊಡ್ದಿದ್ದು ನೀನು. ಎದ್ದು ಬಂದಿದ್ದು ನಾನು,” ಎಂದಳು. ಕೇಳಿಸ್ತಾ ಎನ್ನಲಿಲ್ಲ. “ಇನ್ನೂ ಒಣಗಿಲ್ಲ ಜೋಯೆಟಾ. ಕೂತ್ಕೋ.”

ಬಾಗಿಲ ಕಡೆ ನೋಡಿದೆ. ನನ್ನ ಬೂಟುಗಳು ಅಲ್ಲಿರಲಿಲ್ಲ.

ತಾವೇ ಕಟ್ಟಿಕೊಂಡ ನಿಯಮವನ್ನು ಬದುಕಿನಲ್ಲಿ ಒಂದೇ ಒಂದು ಸಲ, ತೀರ ಹತ್ತಿರದವರ ವಿಷಯದಲ್ಲಿ, ಇನ್ನೊಬ್ಬರ ಅವಸರಕ್ಕೆ ಸೋತು ಸಡಿಲಿಸಿ, ಉಳಿದ ಆಯುಷ್ಯವೆಲ್ಲ ಅದನ್ನು ಕಂಡಕಂಡವರ ಮೇಲೆ ಬಿಗಿಯುವ ಒಂದು ಜಾತಿಯ ಜನರಿದ್ದಾರೆ. ಅವರನ್ನು ನಾವು ಹಟಮಾರಿಗಳೆನ್ನುತ್ತೇವೆ, ಗಡಿಯಾರ ನೋಡಿಕೊಳ್ಳುತ್ತೇವೆ, ಬೇರೆ ಅಂಗಡಿ ಹುಡುಕುತ್ತೇವೆ. ಅವಸರಪಡಿಸಿದವರು ಎದುರಿಗೇ ಬಂದು ಕುಳಿತರೆ ಈ ಹಟಮಾರಿಗಳು ಕ್ಷಮಿಸುವುದೂ ಇಲ್ಲ, ಶಿಕ್ಷಿಸುವುದೂ ಇಲ್ಲ. ತಲೆ ಒಣಗಿಸಿ ಕಳಿಸುತ್ತಾರೆ.