ಕಟ್ ಅಂದ ಮೇಲೂ ಓಡಿದ ಟೇಪು

ಅನುದಾನ ಮಂಜೂರಾದ ಸುದ್ದಿ ಬಂದ ದಿನವೇ ನೀಲಾಳಿಗೂ ವೆಂಕಣ್ಣನಿಗೂ ಜಗಳವಾಯಿತು.

ಹುಬ್ಬಳ್ಳಿ ಹೊರಗಿನ ತಾರಿಹಾಳದ ಸಣ್ಣ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರ ಬಗ್ಗೆ ಒಂದು ತಾಸಿನ ಸಾಕ್ಷ್ಯಚಿತ್ರ ಮಾಡಬೇಕೆಂದು ನೀಲಾ ಎರಡು ವರ್ಷ ಅಲೆದಾಡಿದ್ದಳು. ೨೦೦೩ರಲ್ಲಿ ದಿಲ್ಲಿಯ ಒಂದು ಸಂಸ್ಥೆ ನಾಲ್ಕು ಲಕ್ಷ ರೂಪಾಯಿ ಕೊಡಲು ಒಪ್ಪಿತು. ಆಮೇಲೆ ಉಳಿದದ್ದು ಒಂದೇ ಪ್ರಶ್ನೆ: ಫಿಲ್ಮಿನಲ್ಲಿ ತೆಗೆಯುವುದೋ, ಹೊಸದಾಗಿ ಬಂದಿದ್ದ ಡಿಜಿಟಲ್ ಟೇಪಿನಲ್ಲೋ?

ವೆಂಕಣ್ಣ ಹನ್ನೆರಡು ವರ್ಷ ಬೆಂಗಳೂರಿನಲ್ಲಿ ಸಿನಿಮಾ ಕ್ಯಾಮೆರಾ ಹಿಂದೆ ದುಡಿದು ಧಾರವಾಡಕ್ಕೆ ಮರಳಿದವನು. ಈಗ ಮದುವೆ ವಿಡಿಯೊಗಳಿಂದ ಹೊಟ್ಟೆ ಹೊರೆಯುತ್ತಿದ್ದರೂ ಮನಸ್ಸು ಮಾತ್ರ ಫಿಲ್ಮನ್ನು ಬಿಟ್ಟಿರಲಿಲ್ಲ.

'ಟೇಪಿನ್ಯಾಗ ಮುಖಾ ಎಲ್ಲಾ ಪ್ಲಾಸ್ಟಿಕ್ ಗೊಂಬಿ ಆಗ್ತಾವ ನೀಲಾ. ಕಾರ್ಖಾನಿ ಒಳಗಿನ ಕತ್ತಲಿ, ಕಿಡಕಿ ಹೊರಗಿನ ಬಿಸಲು, ಎರಡೂ ಒಂದ ಸಲಕ್ಕ ಹಿಡಿಯೂ ತಾಕತ್ತು ಫಿಲ್ಮಿಗೆ ಅಷ್ಟ ಅದ.'

'ತಾಕತ್ತು ಐತಿ, ಖರೇ. ರೊಕ್ಕ ಎಲ್ಲೈತಿ?'

ಅವಳು ಲೆಕ್ಕ ಬಿಡಿಸಿ ಹೇಳಿದಳು. ಹದಿನಾರು ಎಂಎಂ ಫಿಲ್ಮಿನ ಒಂದು ಸುರುಳಿ ಓಡುವುದು ಹನ್ನೊಂದೇ ನಿಮಿಷ. ಸುರುಳಿಯ ಬೆಲೆ, ಚೆನ್ನೈ ಲ್ಯಾಬಿನಲ್ಲಿ ಅದನ್ನು ತೊಳೆಸುವ ಖರ್ಚು, ಎಡಿಟಿಂಗಿಗಾಗಿ ಮತ್ತೆ ವಿಡಿಯೊಕ್ಕೆ ಇಳಿಸುವ ಖರ್ಚು ಎಲ್ಲ ಕೂಡಿದರೆ ಒಂದೊಂದು ಸುರುಳಿಗೆ ಎಂಟು ಒಂಬತ್ತು ಸಾವಿರ. ಬೇಕಾದಷ್ಟು ಮಾತು ಹಿಡಿಯುವ ಹೊತ್ತಿಗೆ ನಾಲ್ಕು ಲಕ್ಷವೂ ನೀರಾಗಿರುತ್ತದೆ. ಮೇಲಾಗಿ, ಇವತ್ತು ತೆಗೆದದ್ದು ಸರಿ ಬಂದಿದೆಯೋ ಇಲ್ಲವೋ ತಿಳಿಯಲು ಫಿಲ್ಮಿನ ಡಬ್ಬಿ ರೈಲಿನಲ್ಲಿ ಚೆನ್ನೈಗೆ ಹೋಗಿ ಬರುವತನಕ ಕಾಯಬೇಕು. ಡಿಜಿಟಲ್ ಟೇಪಾದರೆ ಇನ್ನೂರು ರೂಪಾಯಿಗೆ ಇಡೀ ಒಂದು ತಾಸು. ಕ್ಯಾಮೆರಾ, ಕಂಪ್ಯೂಟರು ಎರಡನ್ನೂ ಕೊಂಡ ಮೇಲೂ ಕೈಯಲ್ಲಿ ಹಣ ಉಳಿಯುತ್ತದೆ.

ವೆಂಕಣ್ಣ ಎರಡು ದಿನ ಮುನಿಸಿಕೊಂಡು ಕೂತ. ಮೂರನೆಯ ದಿನ ತಾನೇ ಹುಬ್ಬಳ್ಳಿಗೆ ಹೋಗಿ ಹೊಸ ಕ್ಯಾಮೆರಾಕ್ಕೆ ಒಂದು ಗಟ್ಟಿ ಸ್ಟ್ಯಾಂಡು ಕೊಂಡು ತಂದ.

ಚಿತ್ರೀಕರಣದಲ್ಲಿ ಅವನ ಹಳೆಯ ರೂಢಿ ಹೋಗಲಿಲ್ಲ. ನೀಲಾ 'ಕಟ್' ಅನ್ನುವುದೇ ತಡ, ಅವನ ಹೆಬ್ಬೆರಳು ಗುಂಡಿ ಒತ್ತಿರುತ್ತಿತ್ತು. ಫಿಲ್ಮಿನಲ್ಲಿ ಒಂದು ಕ್ಷಣ ಹೆಚ್ಚು ಓಡಿದರೂ ನಿರ್ಮಾಪಕರ ಬೈಗುಳ ತಿಂದವನು ಅವನು. ನೀಲಾ ಸಿಟ್ಟಾದಳು.

'ಯಾಕ ಬಂದ್ ಮಾಡ್ತಿ? ಓಡ್ಲಿ ಬಿಡು, ಟೇಪೇನು ತುಟ್ಟಿ ಅಲ್ಲ. ಕಟ್ ಅಂದ ಮ್ಯಾಲೇ ಮಂದಿ ಖರೇ ಮಾತಾಡ್ತಾರ.'

ಮತ್ತೆರಡು ಸಲ ಹೇಳಿಸಿಕೊಂಡ ಮೇಲೆ ವೆಂಕಣ್ಣ ಕ್ಯಾಮೆರಾವನ್ನು ಓಡಲು ಬಿಟ್ಟು ಎದ್ದು ಹೋಗುವುದನ್ನು ಕಲಿತ.

ಹೀಗಿರುವಾಗ ಅವರಿಗೆ ಫಕೀರೇಶ ಸಿಕ್ಕ. ಬೈರಿದೇವರಕೊಪ್ಪದಲ್ಲಿ ತಾಯಿ ಮಾಳವ್ವನೊಂದಿಗೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದ ಇಪ್ಪತ್ತಾರರ ಹುಡುಗ. ತಾರಿಹಾಳದ ಕಾರ್ಖಾನೆಯೊಂದರಲ್ಲಿ ತಗಡಿನ ಬಿಡಿಭಾಗ ಒತ್ತುವ ಪ್ರೆಸ್ ಯಂತ್ರ ಅವನ ಬಲಗೈಯ ನಾಲ್ಕು ಬೆರಳನ್ನು ತೆಗೆದುಕೊಂಡಿತ್ತು. ಪರಿಹಾರಕ್ಕಾಗಿ ಮಾಲೀಕನ ಮೇಲೆ ಹಾಕಿದ ಕೇಸು ಕಾರ್ಮಿಕ ಅಧಿಕಾರಿಯ ಮುಂದೆ ನಡೆಯುತ್ತಿತ್ತು.

ಕ್ಯಾಮೆರಾ ಮುಂದೆ ಅವನು ಸಾಲಿಯಲ್ಲಿ ಪಾಠ ಒಪ್ಪಿಸುವವನ ಹಾಗೆ ಸೆಟೆದು ಕೂತು ಮಾತಾಡಿದ. ಯಂತ್ರದೊಳಕ್ಕೆ ಕೈ ಹೋಗದಂತೆ ಅಡ್ಡ ಇರುವ ಕಬ್ಬಿಣದ ಜಾಲರಿಗೆ ಗಾರ್ಡ್ ಅನ್ನುತ್ತಾರೆ. ಆ ಗಾರ್ಡ್ ಮುರಿದಿತ್ತು, ಮಾಲೀಕ ರಿಪೇರಿ ಮಾಡಿಸಲಿಲ್ಲ, ಅಷ್ಟೆ. ವಕೀಲರು ಕಲಿಸಿದ ಮಾತು ಎಂದು ನೀಲಾಳಿಗೆ ಆಗಲೇ ಅನ್ನಿಸಿತು. 'ಕಟ್' ಅಂದಳು. ವೆಂಕಣ್ಣ ಎದ್ದು ಬೀಡಿ ಸೇದಲು ಹೊರಗೆ ಹೋದ. ಮಾಳವ್ವ ಚಹಾ ತಂದಿಟ್ಟಳು. ಫಕೀರೇಶ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಎಡಗೈಯಲ್ಲಿ ಕಪ್ಪು ಹಿಡಿದ.

'ಮುರದದ್ದೇನ ಇರಲಿಲ್ರಿ ಅಕ್ಕಾರ,' ಅಂದ ಮೆಲ್ಲಗೆ. 'ನಾನ ಅದನ್ನ ತಂತಿಲೆ ಮ್ಯಾಲ ಕಟ್ಟಿ ಇಡ್ತಿದ್ದೆ. ಗಾರ್ಡ್ ಕೆಳಗಿದ್ರ ಕೈ ಲಗೂ ಆಡೂದಿಲ್ರಿ. ಪಗಾರ ಪೀಸಿನ ಮ್ಯಾಲ, ಎಷ್ಟು ಪೀಸು ಒತ್ತಿದ್ರ ಅಷ್ಟ ರೊಕ್ಕ. ಎಲ್ಲಾರೂ ಹಂಗ ಮಾಡ್ತೇವಿ. ಸೂಪರ್‌ವೈಜರ್ ನೋಡಿದ್ರೂ ನೋಡದಂಗ ಹೋಗ್ತಾನ.'

'ಆ ಮಾತು ಈಗ್ಯಾಕೋ?' ಎಂದು ಮಾಳವ್ವ ಗದರಿದಳು.

'ಅಕ್ಕಾರ ಮುಂದ ಏನ ಅದ ಬಿಡವಾ. ನಮ್ಮವರ ಅದಾರ.'

ನೀಲಾ ಕ್ಯಾಮೆರಾದ ಕಡೆ ನೋಡಿದಳು. ಕೆಂಪು ದೀಪ ಹೊತ್ತಿಯೇ ಇತ್ತು. ಬಂದ್ ಮಾಡಬಹುದಿತ್ತು, ಕ್ಯಾಮೆರಾ ಚಾಲೂ ಐತಿ ಎಂದು ಒಂದು ಮಾತು ಹೇಳಬಹುದಿತ್ತು. ಅವಳು ತುಸು ಬದಿಗೆ ಸರಿದು ಕೂತಳು. ತನ್ನ ಹೆಗಲು ಲೆನ್ಸಿಗೆ ಅಡ್ಡ ಬರುತ್ತಿತ್ತು.

ಟೇಪು ಅಗ್ಗವಾದರೂ ಅದರ ಕೆಲಸ ಅಗ್ಗದ್ದಾಗಿರಲಿಲ್ಲ. ಒಂದು ತಾಸಿನ ಟೇಪು ಕಂಪ್ಯೂಟರಿಗೆ ಇಳಿಯಲು ಒಂದು ತಾಸೇ ಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಆರು ಟೇಪಿಗೆ ಡಿಸ್ಕು ತುಂಬುತ್ತಿತ್ತು. ಕೆಲವನ್ನು ಅಳಿಸದೆ ಬೇರೆಯದಕ್ಕೆ ಜಾಗವಿಲ್ಲ. ಫಿಲ್ಮಾಗಿದ್ದರೆ ತೆಗೆಯುವ ಮೊದಲೇ ಯೋಚಿಸುತ್ತಿದ್ದರು. ಈಗ ಆ ಯೋಚನೆಯನ್ನೆಲ್ಲ ಆಮೇಲೆ, ಬೆನ್ನು ನೋಯಿಸಿಕೊಂಡು ಮಾಡಬೇಕಾಯಿತು. ಎಷ್ಟು ನೋಡಿದರೂ ನೀಲಾ ಫಕೀರೇಶನ ಆ ಚಹಾದ ಹೊತ್ತಿಗೇ ಬಂದು ನಿಲ್ಲುತ್ತಿದ್ದಳು. ಹೊಟ್ಟೆಪಾಡಿಗಾಗಿ ತನ್ನ ಕೈಯ ಕಾವಲನ್ನು ತಾನೇ ಕಟ್ಟಿಡುವ ಮನುಷ್ಯ! ಉಳಿದದ್ದೆಲ್ಲ ಅದರ ಮುಂದೆ ಸಪ್ಪೆಯಾಗಿತ್ತು.

'ಅದನ್ನ ಹಾಕಬ್ಯಾಡ,' ಎಂದ ವೆಂಕಣ್ಣ. 'ಅವನ ಕೇಸಿಗೆ ಕುತ್ತು. ಫಿಲ್ಮ್ ಇದ್ದಿದ್ರ ನಾ ಅವಾಗ ಬಂದ್ ಮಾಡಿರತಿದ್ದೆ.'

'ಹಂಗಾಗಿದ್ರ ಖರೇ ಮಾತ ಉಳೀತಿರಲಿಲ್ಲ. ತಪ್ಪು ಅವಂದಲ್ಲ, ಪೀಸ್ ಲೆಕ್ಕದ ಪಗಾರದ್ದು. ನೋಡಿದವ್ರಿಗೆ ತಿಳೀತೈತಿ.'

'ನೋಡಾವ್ರು ಎಲ್ಲಾರೂ ನಿನ್ನಂಗ ನೋಡ್ತಾರೇನು?'

ಅವನ ಬಾಯಿ ಮುಚ್ಚಿಸಲು ನೀಲಾ ಬೈರಿದೇವರಕೊಪ್ಪಕ್ಕೆ ಹೋಗಿ ಫಕೀರೇಶನ ಒಪ್ಪಿಗೆ ಕೇಳಿದಳು. ಅವತ್ತು ಚಹಾ ಕುಡಿಯುವಾಗ ಆಡಿದ ಮಾತೂ ಟೇಪಿನಲ್ಲಿ ಬಂದಿದೆ, ಕೆಲಸದ ಅವಸರ, ಪೀಸಿನ ಪಗಾರ, ಅದನ್ನೆಲ್ಲ ಹಾಕಲೇ ಎಂದಳು. ಗಾರ್ಡ್ ಎಂಬ ಶಬ್ದ ನಾಲಿಗೆ ತುದಿಗೆ ಬಂದಿತ್ತು. ಅದನ್ನು ಆಡಲಿಲ್ಲ.

'ನಂಗೇನ ನೆನಪಿಲ್ರಿ. ನೀವು ಕಲ್ತವ್ರು, ನನಗ ಕೆಟ್ಟದ್ದು ಮಾಡ್ತೀರೇನು? ಹಾಕ್ರಿ,' ಎಂದ ಅವನು.

ಧಾರವಾಡದ ಒಂದು ಸಣ್ಣ ಸಭಾಂಗಣದಲ್ಲಿ ಚಿತ್ರ ತೋರಿಸಿದರು. ಫಕೀರೇಶನ ಮಾತು ಬಂದಾಗ ಜನ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡಿದರು. ಮುಗಿದ ಮೇಲೆ ಅಧ್ಯಾಪಕರು, ವಿದ್ಯಾರ್ಥಿಗಳು, ಸಂಘಟನೆಯವರು ಸುತ್ತುವರಿದು ಪ್ರತಿ ಕೇಳಿದರು. ಫಿಲ್ಮಾಗಿದ್ದರೆ ಒಂದೇ ಪ್ರಿಂಟು, ಅದೂ ಡಬ್ಬಿಯಲ್ಲಿ ಬೀಗದೊಳಗೆ. ಈಗ ಹತ್ತು ರೂಪಾಯಿಯ ಖಾಲಿ ಸಿ.ಡಿ.ಗೆ ಕಂಪ್ಯೂಟರಿನಿಂದ ಇಳಿಸಿಕೊಟ್ಟರೆ ಮುಗಿಯಿತು. ನೀಲಾ ಖುಷಿಯಿಂದ ಕೇಳಿದವರಿಗೆಲ್ಲ ಕೊಟ್ಟಳು.

ಅವುಗಳಲ್ಲೊಂದು ಯಾರಿಂದ ಯಾರಿಗೋ ಹೋಗಿ ಕಾರ್ಖಾನೆ ಮಾಲೀಕನ ಕೈ ಸೇರಿತು.

ಸುದ್ದಿ ತಂದವಳು ಮಾಳವ್ವ. ಮಧ್ಯಾಹ್ನದ ಬಿಸಿಲಲ್ಲಿ ಬಸ್ಸು ಹಿಡಿದು ಬಂದು ಬಾಗಿಲಲ್ಲೇ ನಿಂತಳು. ಒಳಗೆ ಕರೆದರೂ ಬರಲಿಲ್ಲ.

'ಮಾಲಕನ ವಕೀಲ ಕೇಸಿನ್ಯಾಗ ಒಂದು ಸಿಡಿ ಕೊಟ್ಟಾನಂತ್ರಿ. ಅದರಾಗ ನನ್ನ ಮಗ ಗಾರ್ಡ್ ನಾನ ಕಟ್ಟಿದ್ದೆ ಅಂತಾನಂತ. ಕೆಲಸದಾಂವ ತಾನ ಬೇಕಂತ ಗಾರ್ಡ್ ತಗದ್ರ ಮಾಲಕ ಪರಿಹಾರ ಕೊಡೂದ ಬ್ಯಾಡ ಅಂತ ಕಾಯ್ದೆ ಐತಂತ. ನನ್ನ ಮನ್ಯಾಗ, ನನ್ನ ಚಾ ಕುಡಕೋತ ಕುಂತು, ಹಿಂಗ ಮಾಡಿದ್ರೇನ್ರಿ ಬಾಯಾರ?'

ಉತ್ತರಕ್ಕೆ ಕಾಯದೆ ಮಾಳವ್ವ ಬಿಸಿಲಲ್ಲೇ ತಿರುಗಿ ನಡೆದಳು.

ಮುಂದಿನ ವಿಚಾರಣೆಗೆ ನೀಲಾ ತಾನಾಗಿ ಹೋದಳು. ಫಕೀರೇಶನ ವಕೀಲರು ಅವಳನ್ನು ಸಾಕ್ಷಿ ಮಾಡಿದರು. ಸೂಪರ್‌ವೈಜರನಿಗೆ ಎಲ್ಲ ಗೊತ್ತಿತ್ತು, ಎಲ್ಲರೂ ಹಾಗೇ ಮಾಡುತ್ತಿದ್ದರು, ಆ ಮಾತೂ ಸಿ.ಡಿ.ಯಲ್ಲೇ ಇದೆ ಎಂದು ಅವಳು ಹೇಳಿದಳು. ಮಾಲೀಕನ ವಕೀಲ ಎದ್ದು ನಿಂತ.

'ಈ ಮಾತು ಆಡುವಾಗ ಕ್ಯಾಮೆರಾ ಚಾಲೂ ಇದ್ದದ್ದು ಅವನಿಗೆ ಗೊತ್ತಿತ್ತೇ?'

'ಇರಲಿಲ್ಲ.'

'ನಿಮಗೆ?'

ಬೆಂಚಿನ ತುದಿಯಲ್ಲಿ ಕೂತಿದ್ದ ಫಕೀರೇಶ ತಲೆ ಎತ್ತಿದ.

'ಗೊತ್ತಿತ್ತು,' ಎಂದಳು ನೀಲಾ.

'ಅಂದರೆ ಅವನು ಕ್ಯಾಮೆರಾದ ಅರಿವಿಲ್ಲದೆ, ಯಾರ ಒತ್ತಾಯವೂ ಇಲ್ಲದೆ ಆಡಿದ ಮಾತು. ನನಗೆ ಇಷ್ಟೇ ಸಾಕು,' ಎಂದು ವಕೀಲ ಕೂತುಬಿಟ್ಟ.

ಅಧಿಕಾರಿ ಇಬ್ಬರಿಗೂ ರಾಜಿಯಾಗಲು ಹೇಳಿದರು. ಬರಬೇಕಾಗಿದ್ದ ಪರಿಹಾರದ ಕಾಲುಭಾಗಕ್ಕೆ ಫಕೀರೇಶ ಎಡಗೈ ಹೆಬ್ಬೆಟ್ಟು ಒತ್ತಿದ. ಎಸ್ಸೆಸ್ಸೆಲ್ಸಿ ಓದಿದ ಹುಡುಗ. ಎಡಗೈಯಲ್ಲಿ ಸಹಿ ಮಾಡುವುದು ಇನ್ನೂ ರೂಢಿಯಾಗಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವನು ನೀಲಾಳ ಹತ್ತಿರ ಬಂದ. ಬೈಯುತ್ತಾನೆಂದುಕೊಂಡು ಅವಳು ತಲೆ ತಗ್ಗಿಸಿದಳು.

'ಎಲ್ಲಾರೂ ನೋಡ್ಯಾರ, ನಾನ ನೋಡಿಲ್ರಿ ಅಕ್ಕಾರ. ನನಗೂ ಒಮ್ಮೆ ತೋರಸ್ರಿ.'

ಮರುದಿನ ಧಾರವಾಡದ ಅವಳ ಎಡಿಟಿಂಗ್ ಕೋಣೆಯಲ್ಲಿ ಕೂತು ಅವನು ಚಿತ್ರವನ್ನು ಕಡೆಯತನಕ ನೋಡಿದ. ತನ್ನ ಭಾಗವನ್ನು ಇನ್ನೊಮ್ಮೆ ಹಾಕಿಸಿದ. ಪರದೆಯ ಮೇಲಿನ ಫಕೀರೇಶ ಆರಾಮಾಗಿ ಕಾಲು ಚಾಚಿದ್ದ. ಕುರ್ಚಿಯ ಮೇಲಿನವನು ಬಲಗೈಯನ್ನು ತೊಡೆ ನಡುವೆ ಮುಚ್ಚಿಕೊಂಡಿದ್ದ.

'ಸುಳ್ಳಂತೂ ಏನಿಲ್ಲ,' ಎಂದ. ಪರದೆಯಿಂದ ಕಣ್ಣು ತೆಗೆದು, 'ನನ್ನ ಇದರಾಗಿಂದ ತಗದಬಿಡ್ರಿ,' ಎಂದ.

ನೀಲಾ ಅವನೆದುರೇ ಕಂಪ್ಯೂಟರಿನಿಂದ ಅದನ್ನು ಅಳಿಸಿದಳು. ಮೂಲ ಟೇಪನ್ನೂ ಅವನ ಕೈಗಿಟ್ಟಳು.

'ಆ ಸಿಡಿಗೋಳು?'

'ಅವನ್ನ ವಾಪಸ್ ತರಸೂದು ನನ್ನ ಕೈಯಾಗಿಲ್ಲಪಾ.'

ಅವನು ತಲೆಯಾಡಿಸಿ ಎದ್ದು ಹೋದ. ಮುಂಬಯಿಯ ಒಂದು ಚಿತ್ರೋತ್ಸವಕ್ಕೆ ಆಯ್ಕೆಯಾಗಿದ್ದ ಆ ಚಿತ್ರವನ್ನು ನೀಲಾ ವಾಪಸು ಪಡೆದಳು. ಫಕೀರೇಶನಿಲ್ಲದೆ ಕಟ್ಟಿದ ಇನ್ನೊಂದು ಚಿತ್ರವನ್ನು ಯಾರೂ ಕೇಳಲಿಲ್ಲ. 'ಸರಿ ಮಾಡಿದಿ' ಎಂದು ವೆಂಕಣ್ಣ ಹೇಳಿದ್ದೂ ಅವಳಿಗೆ ಸಮಾಧಾನ ಕೊಡಲಿಲ್ಲ. ತಾರಿಹಾಳದಲ್ಲಿ ಗಾರ್ಡುಗಳು ತಂತಿಯಲ್ಲಿ ಮೇಲಕ್ಕೇ ಕಟ್ಟಿದ್ದವು. ಅದನ್ನು ಹೇಳುವ ಚಿತ್ರವೂ ಈಗ ಇರಲಿಲ್ಲ.

ನಾಲ್ಕು ವರ್ಷದ ಮೇಲೆ ಬೈರಿದೇವರಕೊಪ್ಪದಲ್ಲಿ ಬಸ್ಸು ಕೆಟ್ಟು ನೀಲಾ ಇಳಿದಾಗ, ರಸ್ತೆ ಪಕ್ಕದ ಒಂದು ಸಣ್ಣ ಅಂಗಡಿಯಿಂದ ಯಾರೋ 'ಅಕ್ಕಾರ' ಎಂದು ಕೂಗಿದರು. ಫಕೀರೇಶ ಮೊಬೈಲ್ ರಿಚಾರ್ಜ್ ಅಂಗಡಿ ಹಾಕಿದ್ದ. ಎಡಗೈಯಿಂದ ಸರಸರನೆ ಅಂಕಿ ಒತ್ತುತ್ತಿದ್ದ. ಮದುವೆಯಾಗಿದೆ, ಅವ್ವ ಆರಾಮಿದ್ದಾಳೆ ಎಂದು ನಗುನಗುತ್ತ ಹೇಳಿ ಸ್ಟೂಲು ಹಾಕಿ ಕೂಡಿಸಿದ, ಚಹಾ ತರಿಸಿದ. ನೀಲಾಳ ಎದೆಯ ಭಾರ ತುಸು ಇಳಿಯಿತು.

ಕಪ್ಪು ಹಿಡಿಯಲು ಅವಳು ಕೈಯಲ್ಲಿದ್ದ ಹೊಸ ಮೊಬೈಲನ್ನು ಅಂಗಡಿಯ ಗಾಜಿನ ಮೇಲೆ ಬೋರಲಾಗಿಟ್ಟಳು. ಫಕೀರೇಶ ಅದರ ಬೆನ್ನಿನ ಪುಟ್ಟ ಲೆನ್ಸನ್ನು ನೋಡಿದ. ಹೇಳುತ್ತಿದ್ದ ಮಾತು ಅರ್ಧಕ್ಕೇ ನಿಂತಿತು.

ಅವಳು ತಟ್ಟನೆ ಅದನ್ನು ಎತ್ತಿ ಚೀಲದೊಳಗೆ ಹಾಕಿಕೊಂಡಳು.

'ಚಾ ಆರತೈತ್ರಿ, ಕುಡೀರಿ,' ಎಂದ ಅವನು. ಆಮೇಲೆ ಬೇರೆ ಬಸ್ಸು ಬರುವತನಕ ಇಬ್ಬರೂ ಆ ವರ್ಷದ ಸೆಕೆಯ ಬಗ್ಗೆ ಮಾತಾಡಿದರು.