ಅಳಿಸಿದ ಜಾಗ

ರಿಬ್ಬನ್ನಿಗೆ ಕತ್ತರಿ ತಾಗುವ ಹೊತ್ತಿಗೆ ಚಿತ್ರ ನಿಂತುಹೋಯಿತು. ಪರದೆಯ ಮೇಲೆ ಸೊಸೈಟಿ ಅಧ್ಯಕ್ಷರ ಬಾಯಿ ಅರ್ಧ ತೆರೆದಿತ್ತು. ಪಕ್ಕದವರ ಕೈಗಳು ಚಪ್ಪಾಳೆಗೆಂದು ಎದ್ದು ಗಾಳಿಯಲ್ಲೇ ಉಳಿದಿದ್ದವು. ಆತ್ರೇಯ ಕುರ್ಚಿ ಎಳೆದುಕೊಂಡು ಸರ್ವರ್ ಪೆಟ್ಟಿಗೆಗೆ ಕಿವಿಗೊಟ್ಟ. ಒಳಗೆ ಡಿಸ್ಕುಗಳು ಬಿಡುವಿಲ್ಲದೆ ಗೊರಗುಟ್ಟುತ್ತಿದ್ದವು.

"ನೋಡ್ಕಳಿ ಸಾ, ದಿನಾ ಇದೇ ಗೋಳು," ಅಂದ ಅಭಿಷೇಕ್. ಚಾನೆಲ್ಲಿನ ಸಂಕಲನ, ಕ್ಯಾಮೆರಾ ಎರಡೂ ಅವನದೇ. "ನೆನ್ನೆ ವಾರ್ತೇಲಿ ಪೂಜಾರಪ್ಪ ಎತ್ತಿದ ಮಂಗಳಾರತಿ ಅಂಗೇ ನಿಂತೋಯ್ತು. ಜನ ಫೋನ್ ಮಾಡಿ, ಆರತಿ ತಗಳಾಕೆ ಇನ್ನೂ ಎಷ್ಟೊತ್ತು ಕಾಯಾನ ಅಂತಾವ್ರೆ."

"ತಟ್ಟೆಗೆ ಕಾಸು ಹಾಕಿದ್ರಂತೇನು?" ಅಂದ ಆತ್ರೇಯ, ಪರದೆಯಿಂದ ಕಣ್ಣು ಕೀಳದೆ.

ಎರಡು ಸಾವಿರದ ಎಂಟನೇ ಇಸವಿ. ಹಾಸನದ ಸಾಲಗಾಮೆ ರಸ್ತೆಯ ಮಹಡಿಯೊಂದರಲ್ಲಿ ಚನ್ನಪ್ಪನವರ ಕೇಬಲ್ ಚಾನೆಲ್ ನಡೆಯುತ್ತಿತ್ತು. ಸಂಜೆ ಏಳಕ್ಕೆ ಊರಿನ ವಾರ್ತೆ; ಮಿಕ್ಕ ಹೊತ್ತು ಹಾಡು, ಶಾಲಾ ವಾರ್ಷಿಕೋತ್ಸವ, ಸ್ಥಳೀಯ ಜಾಹೀರಾತು. ನಾಲ್ಕು ವರ್ಷದ ಹಿಂದೆ ಇಲ್ಲಿ ಲಿನಕ್ಸ್ ಸರ್ವರ್ ಕೂರಿಸಿ, ನಾಲ್ಕು ಡಿಸ್ಕುಗಳನ್ನು ಒಂದೇ ಉಗ್ರಾಣದಂತೆ ಜೋಡಿಸಿಕೊಟ್ಟವನು ಆತ್ರೇಯ. ಒಂದು ಕೆಟ್ಟರೂ ಉಳಿದ ಮೂರು ಸೇರಿ ಅದರಲ್ಲಿದ್ದುದನ್ನು ಮತ್ತೆ ಕಟ್ಟಿಕೊಡುವ ಜೋಡಣೆ ಅದು. ಹೊಳೆನರಸೀಪುರದ ಅರ್ಚಕರ ಮನೆಯ ಮಗನಾದ ಅವನು ಈಗ ಹಾಸನದ ಕಾಲೇಜು, ಸೊಸೈಟಿಗಳ ಕಂಪ್ಯೂಟರ್ ನೋಡಿಕೊಂಡು ಜೀವನ ಸಾಗಿಸುತ್ತಿದ್ದ. ಊಹೆಯ ಮೇಲೆ ಬಿಡಿಭಾಗ ಬದಲಿಸುವುದು ಅವನಿಗೆ ಒಗ್ಗದ ಕೆಲಸ.

ಒಂದು ಡಿಸ್ಕ್ ಸಾಯುತ್ತಿರಬೇಕು ಎಂದು ಬರುವಾಗ ಅಂದುಕೊಂಡಿದ್ದ. ನೋಡಿದರೆ ನಾಲ್ಕೂ ಹಾಜರಿದ್ದವು. ಜೋಡಣೆಯಿಂದ ಯಾವುದೂ ಹೊರಬಿದ್ದಿರಲಿಲ್ಲ, ಮರುಕಟ್ಟುವ ಕೆಲಸವೂ ನಡೆಯುತ್ತಿರಲಿಲ್ಲ. ಒಂದೊಂದು ಡಿಸ್ಕಿನ ಆರೋಗ್ಯದ ವರದಿ ತೆಗೆಸಿದ. ಕೆಟ್ಟ ಜಾಗದ ಸುಳಿವಿಲ್ಲ. ಕೇಬಲ್ಲುಗಳನ್ನು ಒತ್ತಿ ನೋಡಿದ. ಪ್ರೊಸೆಸರ್ ಮಾತ್ರ ಮಾಡಲು ಕೆಲಸವಿಲ್ಲದೆ ಡಿಸ್ಕಿನ ದಾರಿ ಕಾಯುತ್ತ ಕೂತಿತ್ತು. ಕೊನೆಗೆ ಎಷ್ಟು ಬರೆಯುತ್ತಿದೆ, ಎಷ್ಟು ಓದುತ್ತಿದೆ ಎಂಬ ಅಂಕಿಗಳನ್ನು ತೆರೆಯ ಮೇಲೆ ಬಿಟ್ಟು ಗಮನಿಸಿದ. ಬರೆಯುವುದು ಇಲ್ಲವೆನ್ನುವಷ್ಟು. ಓದುವುದು ಮಾತ್ರ ನಾಲ್ಕೂ ಡಿಸ್ಕುಗಳಲ್ಲಿ ಒಂದೇ ಸಮನೆ ಸಾಗಿತ್ತು.

"ಇದು ಕಾಯಿಲೆ ಅಲ್ಲ, ಅಭಿ. ಯಾರೋ ಇದರ ಕೈಲಿ ಕೆಲಸ ಮಾಡಿಸ್ತಿದಾರೆ."

ಆ ಓದು ಯಾವ ತಂತ್ರಾಂಶದ್ದು ಎಂದು ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಳಿಸಿಹಾಕಿದ ವಿಡಿಯೊಗಳ ಚೂರು ಎಲ್ಲಿಯಾದರೂ ಉಳಿದಿದೆಯೇ ಎಂದು ಖಾಲಿ ಜಾಗವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಕೆದಕುವ ತಂತ್ರಾಂಶ. ದಿನವೂ ಮಧ್ಯಾಹ್ನ ಊಟದ ನಂತರ ಶುರುವಾಗಿ ರಾತ್ರಿಯವರೆಗೆ ನಡೆಯುತ್ತಿತ್ತು. ಆಲೂಗಡ್ಡೆ ಗೋಡೌನಿನಲ್ಲಿ ಒಬ್ಬ ಮೂಲೆಯಿಂದ ಮೂಲೆಗೆ ಮೂಟೆ ಮೂಟೆಯನ್ನೂ ಬಿಚ್ಚಿ ನೋಡುತ್ತಿದ್ದರೆ, ಬಾಗಿಲಲ್ಲಿ ಬಂದು ನಿಂತವನಿಗೆ ಒಂದು ಮೂಟೆ ಸಿಗುವುದೂ ತಡವೇ. ಏಳು ಗಂಟೆಯ ವಾರ್ತೆ ಹಾಗೆ ಬಾಗಿಲಲ್ಲಿ ನಿಂತಿತ್ತು.

"ಊಟ ಆದ್ಮೇಲೆ ಈ ರೂಮಿಗೆ ಯಾರು ಬರ್ತಾರೆ?"

ಅಭಿಷೇಕ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನನ್ನೇನೂ ಕೇಳ್ಬ್ಯಾಡಿ ಸಾ. ನೀವುಂಟು, ದೊಡ್ಡಪ್ಪ ಉಂಟು."

ದೊಡ್ಡಪ್ಪ ಎಂದರೆ ಚನ್ನಪ್ಪನವರು. ಅವರು ಬಾಗಿಲಲ್ಲೇ ನಿಂತಿದ್ದರು, ಯಾವಾಗ ಬಂದರೋ. ಅಭಿಷೇಕ್ ಕಾಫಿ ತರುವ ನೆಪ ಹೇಳಿ ಮೆಟ್ಟಿಲಿಳಿದ. ಚನ್ನಪ್ಪನವರು ಒಳಗೆ ಬಂದು, ಪರದೆಯ ಮೇಲೆ ಓಡುತ್ತಿದ್ದ ಅಂಕಿಗಳ ಕಡೆ ಗದ್ದ ಎತ್ತಿ ತೋರಿಸಿದರು.

"ಸಿಕ್ತಾ ಅಯ್ನೋರೇ, ಕಳ್ಳ?"

"ಸಿಕ್ತು ಗೌಡ್ರೇ. ಇದನ್ನ ನಿಮಗೆ ಯಾರು ಹೇಳಿಕೊಟ್ರು?"

"ಮೈಸೂರಲ್ಲಿ ಒಬ್ಬ ಕಂಪ್ಯೂಟರ್ ಅಂಗಡಿ ಹುಡ್ಗ. ಅಳ್ಸಿದ್ದು ಎಲ್ಲೂ ಓಗಿರಾಕಿಲ್ಲ, ಒಳಗೇ ಇರ್ತದೆ, ಹುಡುಕ್ಬೇಕು ಅಷ್ಟೆ ಅಂದ. ಒಂದು ಸಾಲು ಬರ್ದುಕೊಟ್ಟ. ಅದ್ನೇ ದಿನಾ ಒತ್ತೀನಿ." ಅವರು ಸ್ಟೂಲಿನ ಮೇಲೆ ಕೂತರು. "ಈಟೊತ್ತಿಗೆ ಎಲ್ಲಾ ಸಿಕ್ಕೈತೆ. ಕೊಬ್ರಿ ಹರಾಜು, ದನಿನ ಜಾತ್ರೆ, ಯಾರ್ದೋ ನಾಮಕರಣ. ಅವಳೊಬ್ಳು ಸಿಕ್ತಿಲ್ಲ."

ಅವಳು ಯಾರೆಂದು ಆತ್ರೇಯ ಕೇಳಬೇಕಾಗಿರಲಿಲ್ಲ. ಚನ್ನಪ್ಪನವರ ಒಬ್ಬಳೇ ಮಗಳು ಅನುಶ್ರೀ ಈ ಚಾನೆಲ್ಲಿನ ವಾರ್ತೆ ಓದುತ್ತಿದ್ದಳು. ಕಟ್ಟಿನಕೆರೆ ಮಾರುಕಟ್ಟೆಗೆ ಹೋದರೆ ಸೊಪ್ಪಿನವರು "ವಾರ್ತೆ ಮಗಾ" ಎಂದು ಕರೆದು ಒಂದು ಕಟ್ಟು ಹೆಚ್ಚಿಗೆ ಕೊಡುತ್ತಿದ್ದರು. ಮೂರು ವರ್ಷದ ಹಿಂದೆ ಅವಳು, ಆಗ ಇಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದ ಗೌರೀಶಂಕರನನ್ನು ರಿಜಿಸ್ಟರ್ ಮದುವೆಯಾಗಿ ಮೈಸೂರಿಗೆ ಹೊರಟುಹೋದಳು. ಹುಡುಗನ ಜಾತಿ ಬೇರೆ. ಚನ್ನಪ್ಪನವರು ಕುಲದವರನ್ನು ಕರೆದುಕೊಂಡು ಹೇಮಾವತಿಗೆ ಹೋಗಿ, ಬದುಕಿದ್ದ ಮಗಳಿಗೆ ಎಳ್ಳುನೀರು ಬಿಟ್ಟರು. ಮನೆಯಲ್ಲಿದ್ದ ಅವಳ ಫೋಟೊಗಳು ಬಚ್ಚಲ ಒಲೆಗೆ ಹೋದವು. ಕ್ಯಾಸೆಟ್ಟುಗಳ ಮೇಲೆ ಮತ್ತೆ ಮತ್ತೆ ಚಿತ್ರೀಕರಿಸುವುದು ಚಾನೆಲ್ಲಿನ ರೂಢಿಯಾದ್ದರಿಂದ ಅವುಗಳಲ್ಲಿ ಹಳೆಯದೇನೂ ಇರಲಿಲ್ಲ. ಉಳಿದದ್ದು ಸರ್ವರ್. ಅವತ್ತು ನದಿಯಿಂದ ನೇರ ಇಲ್ಲಿಗೇ ಬಂದು, ಅವಳ ಮುಖ ಇರುವುದನ್ನೆಲ್ಲ ತೆಗೆಯಲು ಆತ್ರೇಯನಿಗೆ ಹೇಳಿದ್ದರು. ಆತ್ರೇಯ ಫೈಲುಗಳನ್ನು ಆರಿಸಿ ಆಜ್ಞೆ ಬರೆದಿಟ್ಟ. "ಕೊನೇ ಗುಂಡಿ ನೀವು ಮುಟ್ಬ್ಯಾಡಿ. ಕರ್ಮ ಮಾಡೋನು ನಾನು," ಎಂದು ಚನ್ನಪ್ಪನವರೇ ಬಗ್ಗಿ ಒತ್ತಿದ್ದರು.

ಅದಾಗಿ ವರ್ಷದೊಳಗೆ ಅನುಶ್ರೀ ಮೈಸೂರಿನಲ್ಲಿ ಕಾಮಾಲೆಯಿಂದ ತೀರಿಕೊಂಡಳು. ಒಮ್ಮೆ ನೀರು ಬಿಟ್ಟ ಮೇಲೆ ಎರಡನೇ ಸೂತಕವಿಲ್ಲ ಎಂದು ಕುಲದ ಹಿರಿಯರು ಹೇಳಿದರು. ಚನ್ನಪ್ಪನವರು ತಲೆಯಾಡಿಸಿದರು. ಸಾವಿನ ಸ್ನಾನ ಮಾಡಲಿಲ್ಲ, ಮೈಸೂರಿಗೂ ಹೋಗಲಿಲ್ಲ. ಅವತ್ತೂ ಏಳಕ್ಕೆ ವಾರ್ತೆ ಹೋಯಿತು.

"ಅವಳ ಅವ್ವ ಒಂದಿನ ಬೆಳಗ್ಗೆ ಎದ್ದು, ಮಗೀನ ಮಚ್ಚೆ ಎಡಗೆನ್ನೇಲಿತ್ತಾ ಬಲಗೆನ್ನೇಲಿತ್ತಾ ಅಂತ ಕೇಳುದ್ಲು," ಅಂದರು ಚನ್ನಪ್ಪನವರು. "ನಾನು ಎಡಗೆನ್ನೆ ಅಂದೆ. ಅವಳು ಬಲ ಅಂದ್ಲು. ನೋಡಾನ ಅಂದ್ರೆ ಮನೇಲಿ ಒಂದು ಪಟ ಇಲ್ಲ ಕಣಯ್ಯ."

"ಗೌರೀಶಂಕರನ ಹತ್ರ ಇರ್ಬೇಕಲ್ಲ."

"ಕೇಳ್ದೆ. ಮಾನ ಬುಟ್ಟು ಫೋನ್ ಮಾಡ್ದೆ. 'ನಿಮ್ಮ ಲೆಕ್ಕದಲ್ಲಿ ಅವಳು ನನ್ನ ಮದುವೆಯಾದ ವಾರವೇ ಸತ್ಲು. ಆಮೇಲಿನೋಳು ನನ್ನ ಹೆಂಡ್ತಿ, ನಿಮಗ್ಯಾಕೆ ಅವಳ ಫೋಟೊ' ಅಂದ. ಫೋನ್ ಮಡಗ್ಬುಟ್ಟ." ಚನ್ನಪ್ಪನವರು ಪೆಟ್ಟಿಗೆಯ ಮೇಲೆ ಅಂಗೈ ಊರಿದರು. "ಇದು ಬಿಸಿಯಾಗೈತೆ. ಕೆಟ್ಟೋದಾತಾ?"

ಆತ್ರೇಯ ಲೆಕ್ಕ ಹಾಕಿದ. ಹುಡುಕಾಟವನ್ನು ರಾತ್ರಿಗೆ ಬದಲಿಸಿಕೊಟ್ಟರೆ ವಾರ್ತೆ ಸರಾಗವಾಗುತ್ತಿತ್ತು, ಈ ಮನುಷ್ಯ ನಾಳೆಯೂ ನಾಡಿದ್ದೂ ಹುಡುಕುತ್ತಿರುತ್ತಿದ್ದರು. ತಾನು ಬಂದ ಕೆಲಸ ಅಷ್ಟೇ. ಆದರೆ ಡಿಸ್ಕುಗಳು ಎಷ್ಟು ಸಲ ತುಂಬಿವೆ ಎಂಬುದು ಅವನಿಗೆ ಗೊತ್ತಿತ್ತು. ಜಾಗ ಸಾಲದೆ ಆರೇಳು ತಿಂಗಳಿಗೊಮ್ಮೆ ಹಳೆಯದನ್ನು ತೆಗೆದು ಹೊಸದಕ್ಕೆ ಎಡೆ ಮಾಡಿಕೊಡುತ್ತಿದ್ದವನೂ ಅವನೇ.

"ಗೌಡ್ರೇ, ಆ ಅಂಗಡಿ ಹುಡುಗ ಹೇಳಿದ್ದು ಅರ್ಧ ನಿಜ. ಅಳಿಸಿದ ಕೂಡ್ಲೇ ಏನೂ ಹೋಗಲ್ಲ. ಅದೇ ಜಾಗದ ಮೇಲೆ ಇನ್ನೊಂದು ಬಂದು ಕೂತಾಗ ಹೋಗುತ್ತೆ. ಈ ಮೂರು ವರ್ಷದಲ್ಲಿ ಇದು ಮತ್ತೆ ಮತ್ತೆ ತುಂಬಿದೆ. ನಿಮಗೆ ಸಿಕ್ಕಿದ ಹರಾಜು, ನಾಮಕರಣ ಎಲ್ಲಾ ಅವಳು ಇದ್ದ ಜಾಗದಲ್ಲೇ ಬಂದು ಕೂತಿದ್ದು."

"ಒಂದು ಚೂರು? ಮುಖದಲ್ಲಿ ಅರ್ಧ?"

"ಇಲ್ಲ."

"ಬೆಂಗ್ಳೂರಿಗೆ ಕೊಟ್ಟು ಕಳ್ಸುದ್ರೆ?"

"ಎಲ್ಲಿಗೆ ಕಳ್ಸಿದ್ರೂ ಇಲ್ಲ ಗೌಡ್ರೇ. ಈ ಡಿಸ್ಕಲ್ಲಿ ಅವಳಿಲ್ಲ."

ಚನ್ನಪ್ಪನವರು ಕೈಯನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ. ಕೆಳಗೆ ರಸ್ತೆಯಲ್ಲಿ ಬೇಲೂರಿನ ಬಸ್ಸಿಗೆ ಯಾರೋ ಕೂಗಿಕೊಂಡು ಓಡಿದರು. "ಅಂಗಾರೆ ನಿಲ್ಸಿ," ಎಂದರು ಚನ್ನಪ್ಪನವರು. ಆತ್ರೇಯ ನಿಲ್ಲಿಸಿದ. ಡಿಸ್ಕುಗಳ ಗೊರಗೊರ ಇಳಿದು, ಫ್ಯಾನಿನ ಸದ್ದಷ್ಟೇ ಉಳಿಯಿತು. ಪರದೆಯ ಮೇಲೆ ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆತ್ರೇಯ ಹೇಳಿದ: "ಊರಲ್ಲಿ ಇರಬಹುದು. ತಮ್ಮ ಮಕ್ಕಳ ಸುದ್ದಿ ಬರುತ್ತೆ ಅಂತ ಆಗ ಎಷ್ಟೋ ಜನ ನಮ್ಮ ವಾರ್ತೆಯನ್ನ ವಿ.ಸಿ.ಆರ್.ನಲ್ಲಿ ಹಿಡಿದಿಟ್ಕೊಳ್ತಿದ್ರು. ಕೇಳ್ಬೇಕು."

"ಕೇಳದಾ?" ಚನ್ನಪ್ಪನವರು ತಲೆ ಎತ್ತಿದರು. "ಕುಲದೋರ ಎದುರ್ಗೆ ಸೊಂಟದ ಮಟ್ಟ ನೀರಲ್ಲಿ ನಿಂತು, ನಂಗೆ ಮಗಳಿಲ್ಲ ಅಂದೋನು ನಾನು. ಈಗ ಯಾವ ಬಾಯಲ್ಲಿ ಕೇಳ್ಲಿ?"

ಅಭಿಷೇಕ್ ಕಾಫಿ ತಂದ. ಚನ್ನಪ್ಪನವರು ಲೋಟ ಕೈಲಿ ಹಿಡಿದು ಕುಡಿಯದೆ ಕೂತರು. ಕೆನೆ ಕಟ್ಟಿತು. ಆಮೇಲೆ ತಮ್ಮನ ಮಗನನ್ನು ಕರೆದು, ವಾರ್ತೆಯ ಕೆಳಗೆ ಓಡುವ ಸಾಲಿಗೆ ಒಂದು ಮಾತು ಬರೆದುಕೋ ಎಂದರು.

"ಏನಂತ ದೊಡ್ಡಪ್ಪ? ನಮ್ಮ ವಾಹಿನಿಯ ಮಾಜಿ ವಾರ್ತಾವಾಚಕಿ..."

"ಅಲ್ಲ ಕಣ್ಲಾ. ಚನ್ನಪ್ಪನ ಮಗಳು ಅಂತ ಆಕು."

ಅಭಿಷೇಕನ ಬೆರಳು ಕೀಲಿಯ ಮೇಲೆ ತಡೆಯಿತು. "ದಿವಂಗತ ಅಂತ ಸೇರಿಸ್ಲಾ?"

"ಯಾವ ದಿನದಿಂದ ಅಂತ ಸೇರಿಸ್ತೀಯ? ಬುಡು. ಬ್ಯಾಡ."

ಸಂಜೆ ವಾರ್ತೆ ಎಲ್ಲೂ ತಡೆಯದೆ ಹೋಯಿತು. ಕೆಳಗೆ ಆ ಸಾಲು ಓಡುತ್ತಿತ್ತು: ಚನ್ನಪ್ಪನ ಮಗಳು ಅನುಶ್ರೀ ಓದಿದ ವಾರ್ತೆ ಯಾರ ಮನೆಯಲ್ಲಾದರೂ ಕ್ಯಾಸೆಟ್ಟಿನಲ್ಲಿದ್ದರೆ ದಯವಿಟ್ಟು ತಿಳಿಸುವುದು. ಮೊದಲ ಫೋನು ಕುಲದ ಹಿರಿಯ ದೊಡ್ಡಯ್ಯನದು. ಅವನ ದನಿ ಪಕ್ಕದಲ್ಲಿದ್ದ ಆತ್ರೇಯನಿಗೂ ಕೇಳಿಸಿತು.

"ಏನ್ಲಾ ಚನ್ನ, ನೀರು ಬುಟ್ಟೋಳ ಹೆಸ್ರನ್ನ ಟಿ.ವಿ.ಲಿ ಓಡಿಸ್ತಿದ್ದೀಯಲ್ಲ. ನಾಳೀಕೆ ಮಗ್ಗುಲ ಮನೆ ಹೆಣ್ಣೈಕ್ಳಿಗೆ ನಾವೇನು ಹೇಳಾನ?"

"ಕೇಬಲ್ ಚೆಂದಾಗಿ ಬತ್ತಾ ಐತಾ ದೊಡ್ಡಯ್ಯ? ಸಾಲು ಓದಾಕೆ ಆಯ್ತಾ?" ಎಂದು ಕೇಳಿ ಚನ್ನಪ್ಪನವರು ಫೋನ್ ಇಟ್ಟರು.

ಆಮೇಲೆ ಬಂದವೆಲ್ಲ ಬೇರೆ ಫೋನುಗಳು. ಒಬ್ಬರಿಗೆ ಸಿನಿಮಾ ಚಾನೆಲ್ ಬರುತ್ತಿಲ್ಲ. ಇನ್ನೊಬ್ಬರ ಮನೆ ಮುಂದೆ ತಂತಿ ಜೋತುಬಿದ್ದಿದೆ. ಪ್ರತಿ ಸಲವೂ ಚನ್ನಪ್ಪನವರೇ ಓಡಿಹೋಗಿ ಎತ್ತಿದರು. ಹೀಗೇ ದಿನಗಳು ಕಳೆದವು. ಒಬ್ಬ ಕ್ಯಾಸೆಟ್ ತಂದ. ಅದರಲ್ಲಿ ಬೇರೆ ಊರಿನ ಮದುವೆಯಿತ್ತು. ಸಾಲು ತೆಗೆಯಲೇ ಎಂದು ಅಭಿಷೇಕ್ ಎರಡು ಸಲ ಕೇಳಿ ಬೈಸಿಕೊಂಡ.

ಬೇಕಿದ್ದ ಕ್ಯಾಸೆಟ್ ತಂದುಕೊಟ್ಟವರು ಕೊನೆಗೆ ವಸಂತ ಮೇಡಮ್, ನಿವೃತ್ತ ಶಿಕ್ಷಕಿ. ಮೊಮ್ಮಗಳ ಶಾಲೆಯ ಬಹುಮಾನ ವಿತರಣೆ ವಾರ್ತೆಯಲ್ಲಿ ಬಂದಾಗ ಹಿಡಿದಿಟ್ಟುಕೊಂಡಿದ್ದರಂತೆ. ಆತ್ರೇಯ ತನ್ನ ಮನೆಯ ವಿ.ಸಿ.ಆರ್. ತಂದು ಸರ್ವರಿಗೂ ಟಿ.ವಿ.ಗೂ ಜೋಡಿಸಿದ. ಚನ್ನಪ್ಪನವರು ಮನೆಗೆ ಹೇಳಿಕಳಿಸಿದರು. ಅವರ ಹೆಂಡತಿ ಪುಟ್ಟತಾಯಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಕುರ್ಚಿ ಕೊಟ್ಟರೂ ಕೂರದೆ ಟಿ.ವಿ.ಯ ಎದುರು ನಿಂತರು.

ಪರದೆ ಒಮ್ಮೆ ಅದುರಿ, ಶಾಲೆಯ ವೇದಿಕೆ ಕಾಣಿಸಿತು. ಮಕ್ಕಳು ಸಾಲಾಗಿ ಬಂದು ಸ್ಟೀಲ್ ತಟ್ಟೆ ತೆಗೆದುಕೊಂಡು ನಮಸ್ಕಾರ ಮಾಡಿ ಇಳಿಯುತ್ತಿದ್ದರು. ಅದರ ಮೇಲೆ ಅನುಶ್ರೀಯ ದನಿ ಬಂತು, ತುಸು ಮೂಗಿನದು, ಅವಸರವಿಲ್ಲದ್ದು. "ಭಾವಗೀತೆಯಲ್ಲಿ ತನ್ಮಯಿ, ಪ್ರಬಂಧದಲ್ಲಿ ಹಂಸ, ಓಟದಲ್ಲಿ..." ಓಟ ಗೆದ್ದವನ ಹೆಸರಿಗೆ ನಾಲಿಗೆ ಕೊಂಚ ತೊಡರಿತು. ಸರಿಪಡಿಸಿಕೊಂಡು ಮುಂದೆ ಓದಿದಳು. ವೇದಿಕೆಯ ಚಿತ್ರ ಮುಗಿದು, ಇನ್ನೇನು ವಾರ್ತೆಯ ಮೇಜು ಕಾಣಬೇಕು ಎನ್ನುವಾಗ ಪರದೆ ನೀಲಿಯಾಯಿತು.

"ಮುಂದಕ್ಕೆ ಬುಡಿ," ಅಂದರು ಪುಟ್ಟತಾಯಮ್ಮ.

ಆತ್ರೇಯ ಕ್ಯಾಸೆಟ್ಟಿನ ಕೊನೆಯವರೆಗೂ ಓಡಿಸಿದ. ನೀಲಿಯೇ.

"ನಮ್ಮ ಹುಡುಗಿಯದು ಮುಗೀತು ಅಂತ ನಿಲ್ಲಿಸ್ಬಿಟ್ಟೆ," ಅಂದರು ವಸಂತ ಮೇಡಮ್, ಸೆರಗು ಬಾಯಿಗೆ ಒತ್ತಿಕೊಂಡು. "ಒಂದು ಗಳಿಗೆ ಬಿಟ್ಟಿದ್ರೆ ಮುಖ ಬರ್ತಿತ್ತು. ನಂಗೇನು ಗೊತ್ತು ತಾಯಿ."

ಚನ್ನಪ್ಪನವರು ಎದ್ದು ಹಿಂದಿನ ಬಾಗಿಲಿಂದ ತಾರಸಿಗೆ ಹೋದರು. ನೀರಿನ ಸದ್ದು ಕೇಳಿ ಆತ್ರೇಯ ಹೊರಗೆ ಬಂದ. ನಲ್ಲಿಯ ಕೆಳಗಿನ ಬಕೆಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಅಂಗಿ ಪಂಚೆ ತೊಟ್ಟಂತೆಯೇ ಚನ್ನಪ್ಪನವರು ಚೊಂಬಿನಿಂದ ತಲೆಯ ಮೇಲೆ ನೀರು ಹೊಯ್ದುಕೊಳ್ಳುತ್ತಿದ್ದರು. ಬಿಸಿಲು ಸುಡುತ್ತಿತ್ತು. ಪುಟ್ಟತಾಯಮ್ಮ ಆತ್ರೇಯನನ್ನು ದಾಟಿಕೊಂಡು ಹೋಗಿ ಗಂಡನ ಪಕ್ಕ ಕೂತರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚೊಂಬಿಗೆ ಕೈ ಚಾಚಿದರು.