ಮರ ಹತ್ತಿದವನ ಬಾಯಿ

ನಾಳೆ ಹತ್ತು ಗಂಟೆಗೆ ಬಿಇಒ ಬರುವವರಿದ್ದರು. ಅಷ್ಟರಲ್ಲಿ ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ನೀತಿಕಥೆಗಳ ಆರು ಚಿತ್ರ ಮುಗಿಸುತ್ತೇನೆಂದು ಹೇಮಶ್ರೀ ಟೀಚರ್ ಮಾತು ಕೊಟ್ಟಿದ್ದಳು. ಐದು ಮುಗಿದಿದ್ದವು. ಆರನೆಯದರ ಮುಂದೆ ಬಿಸಿಯೂಟದ ಪುಟ್ಟತಾಯಮ್ಮ ಸೌಟು ಹಿಡಿದು ನಿಂತಿದ್ದಳು.

ಗುಬ್ಬಿ ಊರಿನ ಶಾಲೆಯಲ್ಲಿ ತಾನು ಚಿಕ್ಕಂದಿನಲ್ಲಿ ಓದಿದ ಪುಸ್ತಕವನ್ನೇ ಹೇಮಶ್ರೀ ಪೇಂಟರ್ ಅಂಜನ್‌ಕುಮಾರನಿಗೆ ಕೊಟ್ಟಿದ್ದಳು. ಆರನೆಯ ಚಿತ್ರದಲ್ಲಿ ಉಸಿರು ಬಿಗಿಹಿಡಿದು ಮಲಗಿದವನ ಕಿವಿ ಮೂಸುವ ಕರಡಿ. ಮರದ ಮೇಲೆ ಮುಖ ತಿರುಗಿಸಿ ಕೂತ ಇನ್ನೊಬ್ಬ.

"ಮರದ ಮ್ಯಾಲಿರೋನು ಯಾರು ಮಿಸ್?"

"ಗೆಳೆಯನನ್ನ ಬಿಟ್ಟು ಓಡಿದವನು. ಅಂಥವರನ್ನ ನಂಬಬಾರದು ಅಂತ ಕಥೆ."

"ಹಂಗಾದ್ರೆ ನಮ್ಮೆಜಮಾನ್ರೇ ಬುಡಿ."

ಅಂಜನ್‌ಕುಮಾರ್ ನಕ್ಕ. ಪುಟ್ಟತಾಯಮ್ಮ ನಗಲಿಲ್ಲ.

"ಏಳು ವರ್ಷ ಆಯ್ತು. ನಮ್ಮೋರೂ ಅವ್ರ ಗೆಳೆಯ ರುದ್ರಯ್ಯನೂ ದುರ್ಗದ ಗುಡ್ಡಕ್ಕೆ ಸೌದೆಗೆ ಹೋಗಿದ್ರು. ಕರಡಿ ಬಂತು. ನಮ್ಮೋರು ಹುಣಸೆ ಮರ ಹತ್ತಿ, ನೀನೂ ಹತ್ತಲಾ ಅಂದ್ರೆ ರುದ್ರಯ್ಯ ಉಸ್ರು ಕಟ್ಕೊಂಡು ಮಲ್ಗಿಬುಟ್ಟ. ಇಸ್ಕೂಲ್ ಪುಸ್ತಕ್ದಲ್ಲಿ ಹಿಂಗೇ ನೋಡಿದ್ನಂತೆ! ಕರಡಿ ಮುಖಾನೇ ಪರಚಿ ಒಂದ್ ಕಣ್ಣು ಹೋಯ್ತು. ನಮ್ಮೋರು ಮರದಿಂದ ಗಂಟ್ಲು ಹರಿಯಂಗೆ ಕೂಗಿ ಹೊಲದೋರ್ನ ಕರೆಸ್ದೇ ಇದ್ದಿದ್ರೆ ಜೀವಾನೂ ಹೋಗೋದು. ಆದ್ರೂ ಊರೋರು ಇವತ್ಗೂ 'ಮರ ಹತ್ತಿದೋನು' ಅಂತಾರೆ. ನಾಳೆಯಿಂದ ಮಕ್ಳೂ ಅಂತವೆ."

ರುದ್ರಯ್ಯನ ಮುಖವನ್ನು ಹೇಮಶ್ರೀ ಎಷ್ಟೋ ಸಲ ನೋಡಿದ್ದಳು. ಏನಾಯಿತೆಂದು ಒಮ್ಮೆಯೂ ಕೇಳಿರಲಿಲ್ಲ.

"ಅಂಜನ್, ಮರದ ಮೇಲಿರೋನ ಮುಖ ಈ ಕಡೆ ತಿರುಗಿಸಿ. ಬಾಯಿ ತೆಗೆದು ಕೂಗ್ತಿರಲಿ."

"ಪುಸ್ತಕದಲ್ಲಿ ಹಂಗಿಲ್ವಲ್ಲ ಮಿಸ್."

"ಇಲ್ಲಿ ನಡೆದದ್ದು ಹಾಗೆ."

ಅರ್ಧ ಗಂಟೆಯಲ್ಲಿ ಬಾಯಿ ತೆರೆಯಿತು. "ಹ್ಞೂ, ಈಗ ನಮ್ಮೋರು. ಮೀಸೆ ಒಸಿ ಜಾಸ್ತಿಯಾಯ್ತು" ಎಂದು ಪುಟ್ಟತಾಯಮ್ಮ ಸಾರಿನ ಕಡೆ ಹೋದಳು.

ಹೇಮಶ್ರೀಗೆ ಮಾತ್ರ ಸಮಾಧಾನವಾಗಲಿಲ್ಲ. ಏನೋ ಉಳಿದಂತಿತ್ತು. ಸ್ಟಾಫ್ ರೂಮಿಗೆ ಹೋದಳು, ಕೂರಲಾಗದೆ ಮತ್ತೆ ಬಂದಳು. ಊಟ ಮುಗಿಸಿದ ಮೂರನೇ ಕ್ಲಾಸಿನ ಹುಡುಗಿಯರಿಬ್ಬರು ಗೋಡೆಯ ಮುಂದಿದ್ದರು. ಒಬ್ಬಳು ಕಣ್ಣು ಮುಚ್ಚಿ ಮಣ್ಣಲ್ಲಿ ಅಂಗಾತ ಮಲಗಿದ್ದಳು. ಇನ್ನೊಬ್ಬಳು ಅವಳ ಕಿವಿ ಮೂಸುತ್ತಿದ್ದಳು.

"ಅಲ್ಲಾಡ್ಬೇಡ ಕಣೇ, ಕರಡಿ ಹೊರಟೋಗುತ್ತೆ!"

ಹೇಮಶ್ರೀ ಮಲಗಿದ್ದವಳ ಕೈ ಹಿಡಿದು ಎಬ್ಬಿಸಿದಳು.

"ಬಿಳಿ ಬಣ್ಣ ಎಷ್ಟಿದೆ ಅಂಜನ್?"

"ಅರ್ಧ ಬಕೆಟ್. ಯಾಕ್ ಮಿಸ್?"

"ಕರಡಿ, ಕೆಳಗೆ ಮಲಗಿರೋನು, ಇಬ್ಬರನ್ನೂ ಅಳಿಸಿ. ಕೂಗೋನು ಇರಲಿ."

"ಬಿಇಒ ಸಾಹೇಬ್ರು ಇದ್ಯಾವ ಕಥೆ ಅಂದ್ರೆ?"

"ನಾನು ಹೇಳ್ತೀನಿ."

ಮೊದಲ ಸಲಕ್ಕೆ ಕರಡಿಯ ಕಪ್ಪು ಮುಚ್ಚಲಿಲ್ಲ. ಎರಡನೆಯ ಸಲ ಹೇಮಶ್ರೀಯೇ ಬ್ರಷ್ ಹಿಡಿದಳು.